ಒಂದು ಕೈಯಿಂದ ಇನ್ನೊಂದು ಕೈಗೆ



ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ. ಇಂದಿನ ಮಾತೆಲ್ಲ ದಕ್ಷಿಣ ಬೆಂಗಳೂರಿನ ಈ ನಾಲ್ಕು ಜಾಗಗಳ ನಡುವೆ ಓಡಾಡುತ್ತದೆ. ವಿಷಯ, ಬೀದಿ ಬೆಕ್ಕುಗಳು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಬೆಕ್ಕುಗಳನ್ನು ಕಾಪಾಡಲು ಹೊರಟ ಜನ ಮತ್ತು ಸಂಸ್ಥೆಗಳು. ಅವರೆಲ್ಲ ಕೂಡಿ ಕೆಲಸ ಮಾಡುವುದು ಯಾಕೆ ಇಷ್ಟು ಕಷ್ಟವಾಗಿದೆ? ಅದೇ ನನ್ನ ಪ್ರಶ್ನೆ.

ಬೆಕ್ಕಿನ ಮೇಲೆ ಅಕ್ಕರೆ ಇರುವವರಿಗೆ ಈ ಭಾಗದಲ್ಲಿ ಬರವಿಲ್ಲ. ಸಂಜೆ ಕಾಂಪೌಂಡಿನ ಪಕ್ಕ ಬಟ್ಟಲಿನಲ್ಲಿ ಮೀನು ಕಲಸಿದ ಅನ್ನ ಇಡುವ ಹಿರಿಯರಿದ್ದಾರೆ. ಆಫೀಸು ಮುಗಿಸಿ ಬಂದು ಮರಿಗಳಿಗೆ ಬಾಟಲಿ ಹಿಡಿಯುವ ಹುಡುಗ ಹುಡುಗಿಯರಿದ್ದಾರೆ. ಅರ್ಧ ಫೀಸಿಗೆ ಆಪರೇಷನ್ ಮಾಡಿಕೊಡುವ ವೈದ್ಯರೂ ಇದ್ದಾರೆ. ಇಷ್ಟೆಲ್ಲ ಇದ್ದೂ ಕೆಲಸ ಕೆಡುವುದು ಒಂದೇ ಜಾಗದಲ್ಲಿ. ಬೆಕ್ಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ.

ಒಂದು ಮರಿಯ ದಾರಿಯನ್ನು ಊಹಿಸಿಕೊಳ್ಳೋಣ. ಇದು ಕಲ್ಪನೆಯ ಮರಿ. ಆದರೆ ದಾರಿ ಮಾತ್ರ ಈ ಕೆಲಸದಲ್ಲಿರುವವರಿಗೆಲ್ಲ ಪರಿಚಿತವಾದದ್ದು.

ಸಾರಕ್ಕಿ ಮಾರುಕಟ್ಟೆಯ ಹತ್ತಿರ ಮಳೆ ಆಗಷ್ಟೇ ನಿಂತಿದೆ. ನಿಲ್ಲಿಸಿದ ಕಾರೊಂದರ ಎಂಜಿನ್ ಒಳಗಿಂದ ಕೂಗು ಕೇಳುತ್ತದೆ. ಸಣ್ಣ ದನಿ, ಆದರೆ ಹರಿತ, ಬಿಡುವೇ ಇಲ್ಲ. ಕಾಲೇಜು ಹುಡುಗಿಯೊಬ್ಬಳು ಕಾರಿನವರನ್ನು ಹುಡುಕಿ ಬಾನೆಟ್ ತೆಗೆಸುತ್ತಾಳೆ. ಅಂಗೈಯಗಲದ ಮರಿ. ಎರಡೂ ಕಣ್ಣಿಗೆ ಪಿಸುರು ಮೆತ್ತಿಕೊಂಡಿದೆ. ಅವಳ ಮನೆಯಲ್ಲಿ ಬೆಕ್ಕಿಗೆ ಒಪ್ಪಿಗೆಯಿಲ್ಲ. ಒಂದರ ಮೇಲೊಂದು ಸಂಸ್ಥೆಗೆ ಫೋನ್ ಮಾಡುತ್ತಾಳೆ. ಎಲ್ಲ ಕಡೆ ಜಾಗ ತುಂಬಿದೆ. ಕೊನೆಗೆ ಜೆ.ಪಿ. ನಗರದಲ್ಲಿ ಒಬ್ಬ ಫಾಸ್ಟರ್ ಸಿಗುತ್ತಾರೆ. ಶಾಶ್ವತ ಮನೆ ಸಿಗುವವರೆಗೆ ಮರಿಯನ್ನು ತಮ್ಮ ಮನೆಯಲ್ಲಿಟ್ಟು ಸಾಕುವವರನ್ನು ಈ ವಲಯದಲ್ಲಿ ಫಾಸ್ಟರ್ ಎಂದೇ ಕರೆಯುತ್ತಾರೆ. ಅವರು ಹಗಲು ರಾತ್ರಿ ಎರಡು ಮೂರು ಗಂಟೆಗೊಮ್ಮೆ ಎದ್ದು ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ ಕಲಸಿ ಕುಡಿಸುತ್ತಾರೆ. ಹಸುವಿನ ಹಾಲು ಕೊಟ್ಟರೆ ಭೇದಿ ಹಿಡಿಯುತ್ತದೆ. ಜಯನಗರದ ಕ್ಲಿನಿಕ್ಕಿನಲ್ಲಿ ಕಣ್ಣಿಗೆ ಔಷಧಿ, ಎರಡು ತಿಂಗಳು ತುಂಬುವ ಹೊತ್ತಿಗೆ ಮೊದಲ ಲಸಿಕೆ. ಬನಶಂಕರಿಯಲ್ಲಿ ಯಾವುದೋ ಸಂಸ್ಥೆಯ ದತ್ತು ಶಿಬಿರ. ಅಲ್ಲಿಂದ ಬಿ.ಟಿ.ಎಂ.ನ ಒಂದು ಬಾಡಿಗೆ ಮನೆ.

ಎಷ್ಟು ಕೈಗಳಾದವು? ಎತ್ತಿಕೊಂಡವಳು, ಸಾಕಿದವರು, ವೈದ್ಯರು, ಶಿಬಿರ ನಡೆಸಿದವರು, ದತ್ತು ಪಡೆದವರು. ಐದು ಕೈ. ಐವರೂ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಾರೆ. ಈಗ ಕೆಲವು ಪ್ರಶ್ನೆ ಕೇಳುತ್ತೇನೆ. ಲಸಿಕೆ ಒಂದು ಸಲಕ್ಕೆ ಮುಗಿಯುವುದಿಲ್ಲ, ಮೂರು ನಾಲ್ಕು ವಾರ ಬಿಟ್ಟು ಮತ್ತೆ ಕೊಡಿಸಬೇಕು. ಅದರ ದಿನ ಯಾರಿಗೆ ಗೊತ್ತು? ಐದು ತಿಂಗಳಾಗುವ ಹೊತ್ತಿಗೆ ಸಂತಾನಹರಣದ ಆಪರೇಷನ್ ಆಗಬೇಕು. ಯಾರು ಮಾಡಿಸುತ್ತಾರೆ? ದತ್ತು ಪಡೆದವರಿಗೆ ಪುಣೆಗೋ ಹೈದರಾಬಾದಿಗೋ ಕೆಲಸ ಬದಲಾದರೆ ಬೆಕ್ಕು ಯಾರ ಹತ್ತಿರ ವಾಪಸು ಹೋಗಬೇಕು? ಶಿಬಿರ ನಡೆಸಿದವರು ಫಾಸ್ಟರ್ ಕಡೆ ಕೈ ತೋರಿಸುತ್ತಾರೆ. ಫಾಸ್ಟರ್ ಶಿಬಿರದ ಕಡೆ. ಆ ಕಾಲೇಜು ಹುಡುಗಿಯ ಫೋನ್ ನಂಬರ್ ಕೂಡ ಆ ಹೊತ್ತಿಗೆ ಯಾರ ಬಳಿಯೂ ಇರುವುದಿಲ್ಲ.

ಒಂದು ಬೆಕ್ಕಿಗೆ ಐದು ಕೈ ಇವೆ, ಪೂರ್ತಿ ಹೊಣೆ ಮಾತ್ರ ಒಂದರಲ್ಲೂ ಇಲ್ಲ. ಇದನ್ನು ನೆನಪಿಟ್ಟುಕೊಂಡು ಸ್ವಲ್ಪ ಹಿಂದಿನ ಸಂಗತಿಗೆ ಹೋಗೋಣ.

ಬೆಂಗಳೂರಿಗೆ ಪ್ರಾಣಿದಯೆಯ ಸಂಸ್ಥೆಗಳು ಹೊಸವಲ್ಲ. ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಮಹಿಳೆ ದೆಹಲಿ, ಜೈಪುರಗಳಲ್ಲಿ ಪ್ರಾಣಿಗಳಿಗಾಗಿ ಸಂಸ್ಥೆ ಕಟ್ಟಿ, ಎಂಬತ್ತು ದಾಟಿದ ಮೇಲೆ ಬೆಂಗಳೂರಿಗೆ ಬಂದರು. 1991ರಲ್ಲಿ ಇಲ್ಲಿ ಕ್ಯೂಪಾ ಸಂಸ್ಥೆಯನ್ನು ಆರಂಭಿಸಿದರು. 1996ರಲ್ಲಿ ತೀರಿಕೊಂಡರು. ಕ್ಯೂಪಾ ಅಲ್ಲದೆ ಕರುಣಾ ಸಂಸ್ಥೆಯಿದೆ, ಅನಿಮಲ್ ರೈಟ್ಸ್ ಫಂಡ್ ಇದೆ, ಇನ್ನೂ ಹಲವು ಇವೆ. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ ಪಾಲಿಕೆ ಇಂಥ ಸಂಸ್ಥೆಗಳನ್ನೇ ಜೊತೆಗೆ ತೆಗೆದುಕೊಂಡಿತು. ನಗರವನ್ನು ಹಂಚಿತು. ಈ ಭಾಗ ನಿಮ್ಮದು, ಆ ಭಾಗ ಅವರದು ಎಂದಿತು. ಆ ವ್ಯವಸ್ಥೆಯಲ್ಲಿ ದೋಷಗಳಿದ್ದವು. ಟೆಂಡರು ಎಂದ ಮೇಲೆ ಸಂಸ್ಥೆಗಳ ನಡುವೆ ಪೈಪೋಟಿಯೂ ಇತ್ತು. ಆದರೂ ಒಂದು ನಕ್ಷೆ ಇತ್ತು, ಒಂದು ಲೆಕ್ಕ ಇತ್ತು. 2019ರ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 3 ಲಕ್ಷ 10 ಸಾವಿರ. 2023ರಲ್ಲಿ ಸುಮಾರು 2 ಲಕ್ಷ 80 ಸಾವಿರ. ಕಡಿಮೆಯಾಯಿತು ಎಂದು ಹೇಳಲು ಎರಡು ಸಂಖ್ಯೆಗಳು ಸಿಕ್ಕವು.

ಆ ಗಣತಿ ನಾಯಿಗಳದ್ದು. ಬೆಕ್ಕು ಅದರಲ್ಲಿರಲಿಲ್ಲ. 2001ರ ಕೇಂದ್ರ ನಿಯಮದ ಹೆಸರಿನಲ್ಲೇ ನಾಯಿ ಇತ್ತು. 2023ರಲ್ಲಿ ಹೊಸ ನಿಯಮ ಬಂದಾಗ ಹೆಸರಿನಲ್ಲಿ ಪ್ರಾಣಿ ಎಂದಾಯಿತು. ಆದರೂ ಹಣ, ವಾಹನ, ಶಸ್ತ್ರಚಿಕಿತ್ಸೆಯ ಕೇಂದ್ರ ಎಲ್ಲವೂ ಬಹುಮಟ್ಟಿಗೆ ನಾಯಿಗಳ ಸುತ್ತಲೇ ನಿಂತಿವೆ. ಇದಕ್ಕೆ ಕಾರಣವೂ ಸ್ಪಷ್ಟ. ನಾಯಿ ಕಚ್ಚಿದರೆ ಸುದ್ದಿಯಾಗುತ್ತದೆ, ರೇಬೀಸಿನ ಭಯವಿದೆ, ಪಾಲಿಕೆಗೆ ದೂರು ಹೋಗುತ್ತದೆ. ಬೆಕ್ಕು ತಾರಸಿಯ ಮೇಲೆ, ಎರಡು ಮನೆಗಳ ನಡುವಿನ ಸಂದಿಯಲ್ಲಿ ಸದ್ದಿಲ್ಲದೆ ಹೆರುತ್ತದೆ. ಹಾಗಾಗಿ ಬೆಕ್ಕಿಗೆ ನಕ್ಷೆ ಹಾಕಿಕೊಟ್ಟವರಿಲ್ಲ. ತಮ್ಮ ತಮ್ಮ ಓಣಿಯಲ್ಲಿ ಕಣ್ಣಿಗೆ ಬಿದ್ದ ಬೆಕ್ಕನ್ನು ಎತ್ತಿಕೊಂಡವರೇ ಕ್ರಮೇಣ ಗುಂಪುಗಳಾದರು. ಕೆಲವು ಗುಂಪು ಟ್ರಸ್ಟ್ ಆಗಿ ನೋಂದಾಯಿತವಾದವು. ಬಹಳಷ್ಟು ಇಂದಿಗೂ ಮೂರು ನಾಲ್ಕು ಜನ ಸ್ನೇಹಿತರು, ಒಂದು ವಾಟ್ಸಾಪ್ ಗುಂಪು, ಕ್ಲಿನಿಕ್ಕಿನಲ್ಲಿ ಒಂದು ಬಾಕಿ ಬಿಲ್ಲು.

ದೂರದ ಕಷ್ಟವೂ ಇದೆ. ಸರ್ಕಾರಿ ಪಶುವೈದ್ಯ ಕಾಲೇಜು ಇರುವುದು ಹೆಬ್ಬಾಳದಲ್ಲಿ. ಕ್ಯೂಪಾದ ಕೇಂದ್ರ ದೀರ್ಘಕಾಲ ಇದ್ದದ್ದೂ ಅದೇ ಆವರಣದಲ್ಲಿ. ಜಯನಗರದಿಂದ ಅಲ್ಲಿಗೆ ಸುಮಾರು 15 ಕಿಲೋಮೀಟರ್, ನಗರವನ್ನು ಉದ್ದಕ್ಕೆ ಸೀಳಿಕೊಂಡು ಹೋಗಬೇಕು. ಉಸಿರು ಸಿಕ್ಕಿಕೊಂಡ ಬೆಕ್ಕನ್ನು ಹಿಡಿದು ಆಟೋದಲ್ಲಿ ಕೂತವರಿಗೆ ಆ ದಾರಿ ಎಷ್ಟು ಉದ್ದವೆಂದು ಗೊತ್ತು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಕೈಗಳು ಹಲವು, ಪೂರ್ತಿ ಹೊಣೆ ಯಾರದ್ದೂ ಅಲ್ಲ. ನಾಯಿಗೆ ನಕ್ಷೆಯಿದೆ, ಬೆಕ್ಕಿಗೆ ಇಲ್ಲ. ಈಗ ಹಣದ ಮಾತು.

ದೊಡ್ಡ ಸಂಸ್ಥೆ ಚಿಕ್ಕ ಗುಂಪಿಗೆ ಕೈಹಿಡಿಯಬಾರದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಕಾನೂನು ಇಲ್ಲಿ ಅಡ್ಡ ನಿಂತಿದೆ. 2020ರಲ್ಲಿ ವಿದೇಶಿ ದೇಣಿಗೆಯ ಕಾಯಿದೆಗೆ ತಿದ್ದುಪಡಿ ಬಂತು. ಹೊರದೇಶದ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ದೇಶದೊಳಗಿನ ಹಣದ ಮಾತೂ ಪೂರ್ತಿ ಸಲೀಸಲ್ಲ. ಒಂದು ಟ್ರಸ್ಟ್ ಇನ್ನೊಂದು ಟ್ರಸ್ಟಿಗೆ 100 ರೂಪಾಯಿ ಕೊಟ್ಟರೆ, ಆದಾಯ ತೆರಿಗೆಯ ಲೆಕ್ಕದಲ್ಲಿ 85 ರೂಪಾಯಿ ಮಾತ್ರ ಧರ್ಮಕಾರ್ಯಕ್ಕೆ ಖರ್ಚಾಯಿತು ಎಂದು ಎಣಿಸುತ್ತಾರೆ. ಕಂಪನಿಗಳ ಸಾಮಾಜಿಕ ಹೊಣೆಯ ನಿಧಿಯಿದೆ. 2013ರ ಕಂಪನಿ ಕಾಯಿದೆಯ ಪಟ್ಟಿಯಲ್ಲಿ ಪ್ರಾಣಿ ಕಲ್ಯಾಣವೂ ಸೇರಿದೆ. ಆದರೆ ಆ ಹಣ ಪಡೆಯಲು ನೋಂದಣಿ ಬೇಕು, ತೆರಿಗೆ ವಿನಾಯಿತಿಯ ಪತ್ರಗಳು ಬೇಕು. ಮೂವರು ಸ್ನೇಹಿತರ ಗುಂಪಿನ ಬಳಿ ಅವು ಇರುವುದಿಲ್ಲ.

ಹೀಗಾಗಿ ಎಲ್ಲರೂ ಕೈಯೊಡ್ಡುವುದು ಅದೇ ದಾನಿಗಳ ಮುಂದೆ. ಅದೇ ಜಯನಗರದ ಮನೆಗಳು, ಅದೇ ಐಟಿ ಉದ್ಯೋಗಿಗಳು. ದಾನಿಯ ಮನಸ್ಸು ಕರಗುವುದು ಕಾಲು ಮುರಿದ ಮರಿಯ ಫೋಟೋ ನೋಡಿದಾಗ. ಹತ್ತು ಹೆಣ್ಣು ಬೆಕ್ಕುಗಳಿಗೆ ಆಪರೇಷನ್ ಆಯಿತು ಎಂಬ ಸುದ್ದಿಗೆ ಅಷ್ಟು ಕರಗುವುದಿಲ್ಲ. ಆದ್ದರಿಂದ ಹಣ ಅಪಘಾತದ ಹಿಂದೆ ಹೋಗುತ್ತದೆ, ತಡೆಯುವ ಕೆಲಸಕ್ಕೆ ಉಳಿಯುವುದಿಲ್ಲ. ಇದನ್ನು ನಾನು ಸಂಸ್ಥೆಗಳ ತಪ್ಪೆಂದು ಹೇಳಲಾರೆ. ಕೊಡುವ ನಾವು ಬದಲಾಗಬೇಕಾದ ಜಾಗ ಇದು.

ಹಣ ಹಂಚಿಕೊಳ್ಳುವುದು ಕಷ್ಟ ಎಂದಾಯಿತು. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಕೆಟ್ಟ ಸುದ್ದಿ ಹಂಚಿಕೊಳ್ಳುವುದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬೆಕ್ಕುಗಳಿಗೆ ಪ್ಯಾನ್‌ಲ್ಯುಕೋಪೀನಿಯ ಎಂಬ ರೋಗ ಬರುತ್ತದೆ. ನಾಯಿಗಳ ಪಾರ್ವೋ ವೈರಸ್ಸಿನ ಹತ್ತಿರದ ಸಂಬಂಧಿ. ಮರಿ ಬೆಳಿಗ್ಗೆ ಆಡುತ್ತಿರುತ್ತದೆ. ಸಂಜೆಗೆ ಮೂಲೆ ಸೇರುತ್ತದೆ. ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂರುತ್ತದೆ, ಕುಡಿಯುವುದಿಲ್ಲ. ವಾಂತಿ, ಭೇದಿ. ರಕ್ತದ ಬಿಳಿ ಕಣಗಳು ಕುಸಿಯುತ್ತವೆ. ಚಿಕಿತ್ಸೆ ಸಿಗದ ಮರಿಗಳಲ್ಲಿ ಬಹುಪಾಲು ಸಾಯುತ್ತವೆ. 2025ರ ಆರಂಭದಲ್ಲಿ ರಾಯಚೂರು ಜಿಲ್ಲೆಯಲ್ಲಿ ಈ ರೋಗ ಹಬ್ಬಿ ಬೆಕ್ಕುಗಳು ಸಾಲಾಗಿ ಸತ್ತ ಸುದ್ದಿಯನ್ನು ನೀವೂ ಓದಿರಬಹುದು. ಈ ವೈರಸ್ಸು ಮನೆಯ ನೆಲದಲ್ಲಿ, ಚಾಪೆಯಲ್ಲಿ, ಬುಟ್ಟಿಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಬದುಕಿರುತ್ತದೆ. ಸಾಮಾನ್ಯ ಫಿನಾಯಿಲಿಗೆ ಬಗ್ಗುವುದಿಲ್ಲ. ಬ್ಲೀಚಿಂಗ್ ದ್ರಾವಣ ಬೇಕು.

ಈಗ ಯೋಚಿಸಿ. ಒಂದು ಫಾಸ್ಟರ್ ಮನೆಯಲ್ಲಿ ಈ ರೋಗಕ್ಕೆ ನಾಲ್ಕು ಮರಿ ಸತ್ತವು. ಆ ಮನೆಗೆ ಲಸಿಕೆಯಾಗದ ಹೊಸ ಮರಿ ತಿಂಗಳುಗಳ ಕಾಲ ಹೋಗಬಾರದು. ಅವರ ಕ್ಯಾರಿಯರ್ ಬುಟ್ಟಿಯನ್ನು ಇನ್ನೊಬ್ಬರು ಎರವಲು ತರಬಾರದು. ಅಂದರೆ ಸುತ್ತಲಿನ ಎಲ್ಲ ಗುಂಪುಗಳಿಗೂ ವಿಷಯ ಅದೇ ದಿನ ಮುಟ್ಟಬೇಕು. ಆದರೆ ಹೇಳಿದರೆ ಏನಾಗುತ್ತದೆ? ಮರಿಗಳನ್ನು ಸಾಯಿಸಿದರು ಎಂಬ ಮಾತು ಹುಟ್ಟುತ್ತದೆ. ದತ್ತು ಕೇಳಿದವರು ಹಿಂದೆ ಸರಿಯುತ್ತಾರೆ. ದೇಣಿಗೆ ನಿಲ್ಲುತ್ತದೆ. ಹಾಗಾಗಿ ಸುಮ್ಮನಿರುತ್ತಾರೆ. ಎರಡು ವಾರದೊಳಗೆ ರೋಗ ಬನಶಂಕರಿಯಿಂದ ಜೆ.ಪಿ. ನಗರಕ್ಕೆ, ಅಲ್ಲಿಂದ ದತ್ತು ಶಿಬಿರಕ್ಕೆ ದಾಟುತ್ತದೆ.

ಇದರಲ್ಲಿ ಯಾರೂ ದುಷ್ಟರಲ್ಲ. ಮೂರು ರಾತ್ರಿ ನಿದ್ದೆಗೆಟ್ಟು, ಕೈಯಲ್ಲೇ ಮರಿ ಸತ್ತ ಮನುಷ್ಯನಿಗೆ ಬೈಗುಳದ ಭಯವೂ ಸೇರಿದರೆ ಬಾಯಿ ಕಟ್ಟುತ್ತದೆ. ರೋಗ ಬಂತು ಎಂದು ಹೇಳಿದವರನ್ನು ದೂರದೆ, ಮೊದಲು ಸಮಾಧಾನ ಹೇಳಿ, ಆಮೇಲೆ ಮನೆ ತೊಳೆಯಲು ಇಬ್ಬರು ಹೋಗುವ ರೂಢಿ ಬೆಳೆದರೆ ಅರ್ಧ ಯುದ್ಧ ಗೆದ್ದಂತೆ. ಸಹಕಾರವೆಂದರೆ ನನ್ನ ಮಟ್ಟಿಗೆ ಮೊದಲು ಇದು. ಸಭೆ, ಒಕ್ಕೂಟ, ಲಾಂಛನ ಎಲ್ಲ ಆಮೇಲೆ.

ಹೊಣೆಯ ಮಾತಾಯಿತು, ಹಣದ ಮಾತಾಯಿತು, ರೋಗದ ಮಾತಾಯಿತು. ಈ ಮೂರೂ ಕೊನೆಗೆ ಬಂದು ಬೀಳುವುದು ಒಂದು ಮನೆಯ ಮೇಲೆ. ಇಲ್ಲ ಎನ್ನಲಾರದವರ ಮನೆ.

ಪ್ರತಿ ಬಡಾವಣೆಯಲ್ಲೂ ಅಂಥ ಒಬ್ಬರಿರುತ್ತಾರೆ. ಹೆಚ್ಚಾಗಿ ಮಹಿಳೆ, ಹೆಚ್ಚಾಗಿ ಒಂಟಿ. ಮೊದಲು ನಾಲ್ಕು ಬೆಕ್ಕು ಇದ್ದವು. ಬೇರೆ ಗುಂಪುಗಳವರು ಜಾಗವಿಲ್ಲದಾಗಲೆಲ್ಲ ಅವರಿಗೆ ಫೋನ್ ಮಾಡಿದರು. ಎರಡು ದಿನದ ಮಟ್ಟಿಗೆ ಇಟ್ಟುಕೊಳ್ಳಿ ಎಂದರು. ಆ ಎರಡು ದಿನ ಮುಗಿಯಲೇ ಇಲ್ಲ. ಎರಡು ಕೋಣೆಯ ಮನೆಯಲ್ಲಿ ಮೂವತ್ತು, ನಲವತ್ತು ಬೆಕ್ಕು. ಬಾಗಿಲು ತೆರೆದರೆ ಮೂತ್ರದ ಘಾಟು ಕಣ್ಣಿಗೆ ಚುಚ್ಚುತ್ತದೆ. ಪಕ್ಕದ ಮನೆಯವರ ದೂರು, ಮನೆ ಮಾಲೀಕರ ನೋಟಿಸು. ಬೆಕ್ಕುಗಳಿಗೂ ಅದು ಸುಖವಲ್ಲ. ಗುಂಪಿನಲ್ಲಿ ಇಕ್ಕಟ್ಟಾದರೆ ಬೆಕ್ಕು ಒತ್ತಡಕ್ಕೆ ಸಿಕ್ಕುತ್ತದೆ, ನೆಗಡಿ ಒಂದರಿಂದ ಒಂದಕ್ಕೆ ಸುತ್ತುತ್ತಲೇ ಇರುತ್ತದೆ. ಒಂದು ದಿನ ಆಕೆ ಕಾಯಿಲೆ ಬಿದ್ದಾಗ, ಬೆಕ್ಕು ತಂದುಕೊಟ್ಟವರೇ ಆಕೆಗೆ ಹುಚ್ಚು ಎನ್ನುತ್ತಾರೆ. ಕೇಳುಗರೆ, ಇದು ಅನ್ಯಾಯ. ಆ ಮನೆಯನ್ನು ತುಂಬಿಸಿದ್ದು ಒಬ್ಬರ ಹುಚ್ಚಲ್ಲ. ಹತ್ತು ಜನ ತಮ್ಮ ಹೊಣೆಯನ್ನು ಒಬ್ಬರ ಬಾಗಿಲಲ್ಲಿ ಬಿಟ್ಟು ಹೋದದ್ದು. ಬೆಕ್ಕನ್ನು ಕೊಡುವವರು ಯಾವ ದಿನ ವಾಪಸು ತೆಗೆದುಕೊಳ್ಳುತ್ತೇವೆ ಎಂದು ಬರೆದುಕೊಡಬೇಕು. ಬರೆದುಕೊಡದಿದ್ದರೆ ತೆಗೆದುಕೊಳ್ಳುವವರು ಇಲ್ಲ ಎನ್ನಬೇಕು. ಹಾಗೆ ಇಲ್ಲ ಎಂದವರನ್ನು ಯಾರೂ ಕಲ್ಲೆದೆಯವರು ಎಂದು ಕರೆಯಬಾರದು.

ಅಭಿಪ್ರಾಯ ಭೇದಗಳೂ ಇವೆ. ಆಪರೇಷನ್ ಆದ ಬೆಕ್ಕನ್ನು ಹಿಡಿದ ಬೀದಿಗೇ ಬಿಡಬೇಕು ಎಂದು ಕೆಲವರು. ಬೀದಿಯಲ್ಲಿ ಸಾಯಲು ಬಿಡುವುದೇ ಎಂದು ಕೆಲವರು. ಗುಣವಾಗದ ನೋವಿನಲ್ಲಿರುವ ಪ್ರಾಣಿಗೆ ದಯಾಮರಣ ಕೊಡಬಹುದೇ ಎಂಬುದರಲ್ಲಂತೂ ಸ್ನೇಹಗಳೇ ಮುರಿದಿವೆ. ಇನ್ನು ಪಕ್ಷಿಗಳ ವಿಷಯ. ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಬನಶಂಕರಿಯಿಂದ ಬಹಳ ದೂರವಿಲ್ಲ, ಕೆಂಗೇರಿ ಉತ್ತರಹಳ್ಳಿ ರಸ್ತೆಯಲ್ಲಿದೆ. ಬೆಕ್ಕು ಹಿಡಿದ ಅಳಿಲು, ಹಕ್ಕಿಗಳಿಗೆ ಆಸರೆ ಅಂಥ ಆಸ್ಪತ್ರೆ. ಬೆಕ್ಕಿಗೆ ಅನ್ನ ಹಾಕುವವರೂ ಹಕ್ಕಿಗೆ ಔಷಧಿ ಹಾಕುವವರೂ ಒಂದೇ ಮೇಜಿನ ಎದುರು ಕೂರಬೇಕಾದವರು. ಬೆಕ್ಕಿನ ಸಂಖ್ಯೆ ಕಡಿಮೆಯಾಗಬೇಕು ಎಂಬಲ್ಲಿ ಇಬ್ಬರದೂ ಒಂದೇ ಮಾತು. ಉಳಿದ ಭೇದ ಉಳಿದುಕೊಳ್ಳಲಿ. ಆದರೆ ನಮ್ಮ ಸಂಸ್ಥೆ ಇದನ್ನು ಮಾಡುತ್ತದೆ, ಇದನ್ನು ಮಾಡುವುದಿಲ್ಲ ಎಂದು ಬೆಕ್ಕು ಬರುವ ಮೊದಲೇ ಹೇಳಿಟ್ಟಿರಬೇಕು.

ಇಷ್ಟು ಕಷ್ಟಗಳಾದವು. ಬೇರೆ ಊರಿನವರು ಏನು ಮಾಡಿದರು?

ನ್ಯೂಯಾರ್ಕ್ ನಗರದಲ್ಲಿ 2002ರಲ್ಲಿ ನೂರಕ್ಕೂ ಹೆಚ್ಚು ಸಂಸ್ಥೆಗಳನ್ನು ಸೇರಿಸುವ ಒಂದು ಕೂಟ ಆರಂಭವಾಯಿತು. ಮೇಯರ್ಸ್ ಅಲಯನ್ಸ್ ಎಂದು ಅದರ ಹೆಸರು. ಅದು ಮಾಡಿದ ಕೆಲಸಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಾದಾ ಸಂಗತಿ. ಅದು ವ್ಯಾನುಗಳನ್ನು ಓಡಿಸಿತು. ನಗರದ ಆಶ್ರಯಧಾಮದಿಂದ ಚಿಕ್ಕ ಗುಂಪುಗಳ ಕಡೆಗೆ, ಕ್ಲಿನಿಕ್ಕಿನ ಕಡೆಗೆ ಪ್ರಾಣಿಗಳನ್ನು ಸಾಗಿಸುವುದು. ಎರಡು ವರ್ಷದ ನಂತರ, 2004ರಲ್ಲಿ, ಕ್ಯಾಲಿಫೋರ್ನಿಯಾದ ಅಸಿಲೊಮರ್ ಎಂಬಲ್ಲಿ ಅಮೆರಿಕದ ಪ್ರಾಣಿ ಸಂಸ್ಥೆಗಳ ಮುಖ್ಯಸ್ಥರು ಸೇರಿದರು. ಒಬ್ಬರನ್ನೊಬ್ಬರು ಕಟುವಾಗಿ ಟೀಕಿಸುತ್ತಿದ್ದ ಬಣಗಳೂ ಅಲ್ಲಿದ್ದವು. ಯಾವ ಪ್ರಾಣಿಯನ್ನು ಆರೋಗ್ಯವಂತ ಎನ್ನಬೇಕು, ಯಾವುದನ್ನು ಗುಣಪಡಿಸಬಹುದಾದದ್ದು ಎನ್ನಬೇಕು, ಎಷ್ಟು ಬಂದವು, ಎಷ್ಟು ಮನೆ ಸೇರಿದವು, ಎಷ್ಟು ಸತ್ತವು ಎಂದು ಎಲ್ಲರೂ ಒಂದೇ ಬಗೆಯಲ್ಲಿ ಬರೆದಿಡಲು ಒಪ್ಪಿಕೊಂಡರು. ಮನಸ್ಸುಗಳು ಒಂದಾದವೆಂದಲ್ಲ. ಲೆಕ್ಕದ ಪುಸ್ತಕ ಒಂದಾಯಿತು.

ನಮ್ಮೂರಿನಲ್ಲೂ ಅಂಥ ಗಳಿಗೆ ಬಂದದ್ದಿದೆ. 2020ರ ಲಾಕ್‌ಡೌನಿನಲ್ಲಿ ಹೋಟೆಲು, ಮಾಂಸದಂಗಡಿ ಎಲ್ಲ ಮುಚ್ಚಿದಾಗ ಬೀದಿಪ್ರಾಣಿಗಳಿಗೆ ಅನ್ನ ಹಾಕಲು ಸ್ವಯಂಸೇವಕರಿಗೆ ಪಾಸ್ ಕೊಡಲಾಯಿತು. ಈ ರಸ್ತೆ ನೀವು, ಆ ರಸ್ತೆ ನಾವು ಎಂದು ಹಂಚಿಕೊಳ್ಳಲೇಬೇಕಾಯಿತು. ಹಂಚಿಕೊಂಡರು. ಲಾಕ್‌ಡೌನ್ ಮುಗಿದ ಮೇಲೆ ಆ ಹಂಚಿಕೆ ಕರಗಿಹೋಯಿತು.

ಹಾಗಾದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ.ನಲ್ಲಿ ಏನು ಆಗಬಹುದು? ನನ್ನ ಅಭಿಪ್ರಾಯ ಹೇಳುತ್ತೇನೆ.

ಹೊಸ ಒಕ್ಕೂಟ ಬೇಡ, ಅಧ್ಯಕ್ಷರು ಬೇಡ. ಹಿಡಿಯುವ ಪಂಜರಗಳು ಎಲ್ಲರಿಗೂ ಸೇರಿ ಒಂದು ಕಡೆ ಇರಲಿ. ಒಂದು ವಾಹನ ವಾರಕ್ಕೆರಡು ದಿನ ನಾಲ್ಕೂ ಬಡಾವಣೆ ಸುತ್ತಲಿ. ಹಣ ದಾಟಿಸಲು ಕಾನೂನು ತೊಡಕಾದರೂ ಪಂಜರ ಎರವಲು ಕೊಡಲು, ಒಬ್ಬರ ಬೆಕ್ಕನ್ನು ಇನ್ನೊಬ್ಬರ ವಾಹನದಲ್ಲಿ ಒಯ್ಯಲು ತೊಡಕಿಲ್ಲ. ಆಪರೇಷನ್ ಮಾತ್ರ ಬಿಡಿಬಿಡಿಯಾಗಿ ಬೇಡ, ಬೀದಿಯ ಲೆಕ್ಕದಲ್ಲಿ ಆಗಲಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ಕೇವಲ ಎರಡು ತಿಂಗಳು. ಮರಿಗಳು ಮೊಲೆ ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗರ್ಭ ಧರಿಸಬಹುದು. ನಮ್ಮ ಹವೆಯಲ್ಲಿ ವರ್ಷದ ಬಹುಪಾಲು ತಿಂಗಳು ಹೆರುತ್ತವೆ. ನಾಲ್ಕು ಬಡಾವಣೆಯಲ್ಲಿ ಚೆದುರಿದಂತೆ ನೂರು ಆಪರೇಷನ್ ಮಾಡಿದರೆ ಯಾವ ಬೀದಿಯಲ್ಲೂ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಮಾರುಕಟ್ಟೆಯ ಸುತ್ತ ನಾಲ್ಕರಲ್ಲಿ ಮೂರು ಬೆಕ್ಕಿಗೆ ಮಾಡಿ, ಗುರುತಿಗೆ ಕಿವಿಯ ತುದಿ ತೆಗೆದು ಬಿಟ್ಟರೆ, ಅಲ್ಲಿ ಮರಿಗಳ ಕೂಗು ಕಡಿಮೆಯಾಗುತ್ತದೆ. ಅದಕ್ಕೆ ನಾಲ್ಕೈದು ಗುಂಪುಗಳು ಒಂದು ತಿಂಗಳು ತಮ್ಮ ಬೀದಿ ಬಿಟ್ಟು ಇನ್ನೊಬ್ಬರ ಬೀದಿಗೆ ಬರಬೇಕು. ಸಾರಕ್ಕಿಯೋ, ಜಯನಗರ ನಾಲ್ಕನೇ ಬ್ಲಾಕೋ, ಮಡಿವಾಳವೋ. ಯಾವುದಾದರೂ ಒಂದು. ನನ್ನನ್ನು ಕೇಳಿದರೆ ಸಾರಕ್ಕಿ. ಬನಶಂಕರಿಗೂ ಜೆ.ಪಿ. ನಗರಕ್ಕೂ ಜಯನಗರಕ್ಕೂ ಅದು ಹತ್ತಿರ.

ಮತ್ತೆ ಒಂದು ಚೀಟಿ. ಎಲ್ಲಿ ಸಿಕ್ಕಿತು, ಯಾವ ದಿನ, ಯಾವ ಲಸಿಕೆ, ಜೊತೆಗಿದ್ದ ಮರಿಗಳಿಗೆ ಕಾಯಿಲೆ ಇತ್ತೇ, ವಾಪಸು ಬಂದರೆ ಯಾರು ತೆಗೆದುಕೊಳ್ಳುತ್ತಾರೆ. ಐದು ಸಾಲು ಸಾಕು, ಕನ್ನಡದಲ್ಲೇ ಇರಲಿ. ಬೆಕ್ಕು ಎಷ್ಟು ಕೈ ದಾಟಿದರೂ ಚೀಟಿ ಅದರ ಜೊತೆಗೇ ಹೋಗಬೇಕು.

ಕೊನೆಯದಾಗಿ, ಯಾವ ಸಂಸ್ಥೆಗೂ ಸೇರದ ನಿಮಗೆ ಒಂದೆರಡು ಮಾತು. ಬೇಸಿಗೆ, ಮಳೆಯ ತಿಂಗಳುಗಳಲ್ಲಿ ನಿಮ್ಮ ಗೇಟಿನ ಬಳಿ ಮರಿಗಳು ಕಂಡರೆ ಕೂಡಲೇ ಎತ್ತಬೇಡಿ. ತಾಯಿ ಆಹಾರಕ್ಕೆ ಹೋಗಿರಬಹುದು. ಮರಿಗಳಿಗೆ ಅಪಾಯವಿಲ್ಲದಿದ್ದರೆ ದೂರದಲ್ಲಿ ನಿಂತು ಕೆಲವು ಗಂಟೆ ಗಮನಿಸಿ. ತಾಯಿ ಬಾರದಿದ್ದರೆ ಬೆಚ್ಚಗಿಟ್ಟು ಫೋನ್ ಮಾಡಿ. ಫೋನ್ ಮಾಡುವಾಗ ಬಂದು ಒಯ್ಯಿರಿ ಎನ್ನುವ ಬದಲು, ನಾನು ಒಂದು ವಾರ ಇಟ್ಟುಕೊಳ್ಳಬಲ್ಲೆ, ಲಸಿಕೆಯ ಹಣ ಕೊಡಬಲ್ಲೆ, ಆಟೋದಲ್ಲಿ ತಂದು ಮುಟ್ಟಿಸಬಲ್ಲೆ, ಹೀಗೆ ನಿಮ್ಮಿಂದ ಆಗುವುದನ್ನು ಮೊದಲು ಹೇಳಿ. ಮರಿಗಳು ಮನೆ ಸೇರಿದ ಮೇಲೆ ತಾಯಿಯನ್ನು ಮರೆಯಬೇಡಿ. ಅವಳು ಅದೇ ಗೇಟಿನ ಬಳಿ ಇರುತ್ತಾಳೆ. ಎರಡು ತಿಂಗಳಲ್ಲಿ ಮತ್ತೆ ನಾಲ್ಕು ಮರಿ ಹಾಕಬಹುದು. ಅವಳಿಗೆ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅನ್ನ ಹಾಕಿ. ಆಗ ಪಂಜರ ತಂದವರಿಗೆ ಅವಳನ್ನು ಹಿಡಿಯಲು ಸುಲಭವಾಗುತ್ತದೆ. ಆಪರೇಷನ್ನಿನ ಹಿಂದಿನ ರಾತ್ರಿ ಮಾತ್ರ, ವೈದ್ಯರು ಹೇಳಿದ ಹೊತ್ತಿನಿಂದ, ಏನನ್ನೂ ಹಾಕಬೇಡಿ. ಅಕ್ಕಪಕ್ಕದ ಮನೆಯವರಿಗೂ ಅದನ್ನು ತಿಳಿಸಿಡಿ.